ಕೋಪವಿಲ್ಲದವನ ರಕ್ತದೊತ್ತಡ

ತಾಯಿಯ ಗರ್ಭದಲ್ಲಿ ನಾನು ಕಣ್ಣು ತೆರೆಯುವ ಮುನ್ನವೇ ಕೆಲಸಕ್ಕೆ ತೊಡಗಿ, ಅಂದಿನಿಂದ ಈ ಗಳಿಗೆಯವರೆಗೆ ನನ್ನ ಅಪ್ಪಣೆಗೆ ಕಾಯದೆ ನನ್ನನ್ನು ಬದುಕಿಸಿಕೊಂಡು ಬಂದಿರುವ ಹೃದಯಕ್ಕೂ, ಅದರೊಳಗೆ ನೆಲೆಸಿ ಅದನ್ನು ನಡೆಸುವ ಅಂತರ್ಯಾಮಿಗೂ ಮೊದಲು ಕೃತಜ್ಞತೆಯ ನಮಸ್ಕಾರ. ಈ ನಮಸ್ಕಾರದ ಅರ್ಥ ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ತಿಳಿದ ಬಗೆ ಮಾತ್ರ ಸೌಮ್ಯವಾದುದಲ್ಲ.

ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟು ನಿವೃತ್ತನಾದವನು ನಾನು. ದೇವರಾಜ ಮೊಹಲ್ಲಾದ ನಮ್ಮ ಬೀದಿಯಲ್ಲಿ ನನ್ನ ಶಾಂತಸ್ವಭಾವವೂ ನನ್ನ ಹೆಂಡತಿಯ ಮುಂಗೋಪವೂ ಸಮಾನವಾಗಿ ಪ್ರಸಿದ್ಧ. ಹೂವಾಡಗಿತ್ತಿ ಮೊಳ ಹಾಕುವಾಗ ಎರಡು ಬೆರಳು ಕಡಿಮೆ ಮಾಡಿದರೆ ಇವಳ ದನಿ ಬೀದಿಯ ತುದಿಗೆ ಕೇಳುತ್ತದೆ. ಸಿಟ್ಟಿನವರಿಗೆ ರಕ್ತದೊತ್ತಡ, ಶಾಂತರಿಗೆ ಆರೋಗ್ಯ ಎಂಬುದು ನಮ್ಮವರೆಲ್ಲರ ನಂಬಿಕೆ. ಹೀಗಾಗಿ ಇವಳಿಗೆ ಬಿಪಿ ಇದೆಯೆಂದು ನೆಂಟರಿಷ್ಟರು ಎಂದೋ ತೀರ್ಮಾನಿಸಿದ್ದರು, ಇವಳೂ ಒಪ್ಪಿಕೊಂಡಿದ್ದಳು. ಅಳೆಸಿದವರು ಯಾರೂ ಇಲ್ಲ. ವರ್ಷಗಳಿಂದ ಸಾರಿಗೆ ಉಪ್ಪು ಬೀಳುವ ಮೊದಲೇ ತನ್ನ ಪಾಲನ್ನು ಬೇರೆ ತೆಗೆದಿಟ್ಟು ಸಪ್ಪೆಯಾಗಿ ಉಣ್ಣುತ್ತಿದ್ದಳು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲವೂ ನನ್ನ ಎಲೆಗೆ.

ಒಂದು ಬೆಳಿಗ್ಗೆ ರಂಗೋಲಿ ಹಾಕಿ ಎದ್ದವಳು ಕಣ್ಣು ಕತ್ತಲಿಟ್ಟು ಬಾಗಿಲವಾಡವನ್ನು ಹಿಡಿದು ಕುಸಿದಳು. ಬಿಪಿ ಏರಿತೆಂದು ಹೆದರಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ವೈದ್ಯೆ ನಗರದ ಹಳೆಯ ಕ್ರೈಸ್ತ ಮನೆತನದ ಹೆಣ್ಣುಮಗಳು. ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬಂದೇ ಬಾಗಿಲು ತೆರೆಯುವವರು.

"ಕೈ ಕೊಡಿ ಅಮ್ಮಾ," ಎಂದರು.

"ನನಗ್ಯಾಕೆ ಮೊದ್ಲು? ಇವರಿಗೆ ನೋಡಿ. ಆ ಪಟ್ಟಿ ಎಷ್ಟು ಬಿಗಿಯುತ್ತೆ ಅಂತ ನಾನೂ ನೋಡ್ತೀನಿ."

"ಆಗ್ಲಿ. ಬನ್ನಿ ಮೇಷ್ಟ್ರೇ, ಅಮ್ಮಾವ್ರಿಗೆ ಧೈರ್ಯ ತೋರ್ಸಿ."

"ಇವರಿಗೇನಾಗಿರುತ್ತೆ ಡಾಕ್ಟ್ರೇ? ಮನೆಗೆ ಬೆಂಕಿ ಬಿದ್ರೂ ಶ್ಲೋಕ ಮುಗ್ಸಿ ಏಳೋರು ಕಣ್ರೀ ಇವರು!"

ವೈದ್ಯೆ ನಗುತ್ತಲೇ ನನ್ನ ತೋಳಿಗೆ ಪಟ್ಟಿ ಸುತ್ತಿದರು. ಪಾದರಸ ಇಳಿಯತೊಡಗಿದಂತೆ ಆ ನಗುವೂ ಇಳಿಯಿತು. ಇನ್ನೊಂದು ತೋಳಿಗೆ ಕಟ್ಟಿ ನೋಡಿದರು. ಮಾತಾಡದೆ ಸ್ವಲ್ಪ ಹೊತ್ತು ಕೂತಿರಲು ಹೇಳಿ ಮತ್ತೆ ನೋಡಿದರು.

"ನೂರ ತೊಂಬತ್ತು, ನೂರ ಹತ್ತು. ಮೇಷ್ಟ್ರೇ, ತಲೆನೋವು, ಎದೆನೋವು ಏನಾದ್ರೂ?"

"ಏನೂ ಇಲ್ಲ ತಾಯಿ. ಚೆನ್ನಾಗಿದ್ದೇನೆ."

"ನನಗೆ ಭಯ ಆಗೋದೇ ಅದಕ್ಕೆ."

ಆಮೇಲೆ ಇವಳನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಅಳೆದರು. "ನಿಮಗೆ ಬಿಪಿ ಜಾಸ್ತಿ ಅಂತ ಯಾವ ಡಾಕ್ಟ್ರು ಹೇಳಿದ್ದಮ್ಮಾ?"

"ಡಾಕ್ಟ್ರು ಯಾಕೆ ಬೇಕು, ನನ್ನ ಬಾಯಿ ಸಾಲ್ದಾ? ಅದಕ್ಕೇ ನಾನು ಉಪ್ಪು ಮುಟ್ಟೋದಿಲ್ಲ, ಉಪ್ಪಿನಕಾಯಿ, ಹಪ್ಪಳ ಎಲ್ಲ ಇವರಿಗೇ."

"ನಿಮ್ಮದು ಕಡಿಮೆ ಇದೆ. ಎದ್ದು ನಿಂತ್ರೆ ಇನ್ನೂ ಇಳಿಯುತ್ತೆ, ಅದಕ್ಕೇ ಕಣ್ಣು ಕತ್ತಲೆ. ನಿಮ್ಮ ಉಪ್ಪನ್ನೆಲ್ಲ ಮೇಷ್ಟ್ರಿಗೆ ಬಡಿಸಿದ್ದೀರಿ."

ಯಂತ್ರ ಕೆಟ್ಟಿರಬೇಕು ಎಂದೆ. ವೈದ್ಯೆ ಬೇಸರಿಸದೆ ತಮ್ಮ ಸ್ಟೆತಸ್ಕೋಪನ್ನು ನನ್ನ ಕಿವಿಗಿಟ್ಟು, ಪಟ್ಟಿಗೆ ಗಾಳಿ ತುಂಬಿದರು.

ತೋಳು ಹಿಂಡಿದಂತಾಯಿತು, ಏನೂ ಕೇಳಿಸಲಿಲ್ಲ. "ಈಗ ರಕ್ತನಾಳ ಪೂರ್ತಿ ಮುಚ್ಚಿದೆ," ಎಂದು ಗಾಳಿಯನ್ನು ಮೆಲ್ಲಗೆ ಬಿಟ್ಟರು. ಪಾದರಸ ಇನ್ನೂ ಬಹಳ ಎತ್ತರದಲ್ಲಿರುವಾಗಲೇ ಒಂದು ಬಡಿತ ಕೇಳಿತು, ಅದರ ಹಿಂದೆ ಇನ್ನೊಂದು. "ಹೃದಯ ಹಿಂಡಿದಾಗ ರಕ್ತ ನುಗ್ಗಿ ಬರ್ತಿದೆ. ಅದು ಮೇಲಿನ ಅಂಕಿ." ಬಡಿತ ಕ್ರಮೇಣ ಮೆತ್ತಗಾಗಿ ಇದ್ದಕ್ಕಿದ್ದಂತೆ ಅಡಗಿತು.

"ನಿಂತುಹೋಯಿತು!" ಎಂದು ಕೂಗಿಬಿಟ್ಟೆ.

"ನಿಂತಿಲ್ಲ ಮೇಷ್ಟ್ರೇ. ಈಗ ಅಡ್ಡಿಯಿಲ್ಲದೆ ಹರೀತಿದೆ, ಅದಕ್ಕೇ ಸದ್ದಿಲ್ಲ. ಹೃದಯ ಸಡಿಲ ಬಿಟ್ಟು ವಿಶ್ರಾಂತಿ ತಗೊಳ್ಳೋವಾಗಲೂ ನಾಳದಲ್ಲಿ ಉಳಿಯೋ ಒತ್ತಡ, ಅದು ಕೆಳಗಿನ ಅಂಕಿ. ನಿಮ್ಮದಕ್ಕೆ ವಿಶ್ರಾಂತಿಯಲ್ಲೂ ಬಿಡುವಿಲ್ಲ."

ಆಸ್ಪತ್ರೆಯಲ್ಲಿ ಎಕೋ ಸ್ಕ್ಯಾನ್ ಮಾಡಿಸಿದರು. ಕತ್ತಲ ಕೋಣೆಯಲ್ಲಿ ಮಗ್ಗುಲಾಗಿ ಮಲಗಿ, ಪರದೆಯ ಮೇಲೆ ನನ್ನ ಹೃದಯವನ್ನು ನಾನೇ ಕಂಡೆ. ಹೃತ್ಕಮಲವೆಂದು ನಿತ್ಯ ಧ್ಯಾನಿಸಿದವನಿಗೆ ಅಲ್ಲಿ ಕಾಣಿಸಿದ್ದು ಬೂದುಬಣ್ಣದ, ಒಂದೇ ಸಮನೆ ದುಡಿಯುವ ಒಂದು ಮುಷ್ಟಿ. ಅದರೊಳಗೆ ತೆಳ್ಳನೆಯ ಕವಾಟಗಳು ಪ್ರತಿ ಬಡಿತಕ್ಕೂ ತೆರೆದು ಕೈಮುಗಿದಂತೆ ಮುಚ್ಚಿಕೊಳ್ಳುತ್ತಿದ್ದವು.

ವರದಿ ನೋಡಿದ ವೈದ್ಯೆ, "ಎಡಗಡೆ ಗೋಡೆ ದಪ್ಪ ಆಗಿದೆ. ಗರಡಿ ಪೈಲ್ವಾನರ ತೋಳಿದ್ದ ಹಾಗೆ," ಎಂದರು.

"ದಪ್ಪವಾದರೆ ಬಲವಲ್ಲವೇ?"

"ತೋಳಿಗೆ ಬಲ. ಹೃದಯಕ್ಕೆ ಹಾಗಲ್ಲ. ದಪ್ಪ ಆದಷ್ಟೂ ಬಿಗಿಯುತ್ತೆ, ರಕ್ತ ತುಂಬ್ಕೊಳೋದು ಕಷ್ಟ. ಹೀಗೇ ಬಿಟ್ರೆ ಒಂದಿನ ಸೋತುಹೋಗುತ್ತೆ, ಇಲ್ಲಾ ಮಿದುಳಿನಲ್ಲಿ ನಾಳ ಒಡೆಯುತ್ತೆ."

ನಾನು ದೇವರ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಗಲೆಲ್ಲ ಎದೆಯೊಳಗೆ ಈ ಮಲ್ಲಯುದ್ಧ ನಡೆಯುತ್ತಿತ್ತು. ನನ್ನ ಶಾಂತಿಗೂ ಅದಕ್ಕೂ ಪರಿಚಯವೇ ಇರಲಿಲ್ಲ. ಸಾವು ಬರುವುದಾದರೆ ಮುನ್ಸೂಚನೆ ಕೊಟ್ಟು ಬರುತ್ತದೆಂದು ಭಾವಿಸಿದ್ದ ನನಗೆ, ಅದು ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದದ್ದು ಆಗ ತಿಳಿಯಿತು.

"ಪ್ರಾಣಾಯಾಮ, ಜಪ ಹೆಚ್ಚಿಸಿದರೆ?" ಎಂದೆ.

"ಖಂಡಿತ ಮಾಡಿ. ನಾನೂ ದಿನಾ ಪ್ರಾರ್ಥನೆ ಮಾಡ್ತೀನಿ. ಆದ್ರೆ ಮಾತ್ರೆಗೆ ಬದಲಾಗಿ ಅಲ್ಲ."

"ಮಾತ್ರೆ ತಗೊಂಡ್ರೆ ಇವರು ಉಳೀತಾರಾ?" ಇವಳು ಕೇಳಿದಳು.

"ಒತ್ತಡ ಇಳಿದ್ರೆ ಗೋಡೆನೂ ನಿಧಾನವಾಗಿ ತೆಳುವಾಗಬಹುದಮ್ಮಾ. ಚೆನ್ನಾಗಿದ್ದೀನಿ ಅಂತ ಮಧ್ಯದಲ್ಲಿ ಬಿಟ್ಬಿಟ್ರೆ ಮಾತ್ರ ನನ್ನ ಕೇಳ್ಬೇಡಿ."

ಬಿಡಲು ಇವಳು ಅವಕಾಶ ಕೊಡಲಿಲ್ಲ. ಸಂಧ್ಯಾವಂದನೆ ಮುಗಿದೊಡನೆ ಎದುರಿಗೆ ನಿಂತು, ಮಾತ್ರೆ ಗಂಟಲಿಳಿಯುವವರೆಗೆ ಕದಲುತ್ತಿರಲಿಲ್ಲ. "ನುಂಗಿದ್ರಾ? ಬಾಯಿ ತೆಗೀರಿ, ನೋಡೋಣ," ಎನ್ನುವಳು. ವೈಯಾಕರಣನ ಬಾಯನ್ನು ಹೀಗೆ ಪರೀಕ್ಷಿಸಿದವರು ಬೇರೆ ಯಾರೂ ಇಲ್ಲ.

ಮರುವರ್ಷ ಮತ್ತೆ ಆ ಪರದೆಯ ಮುಂದೆ ಮಲಗಿದೆ. ಗೋಡೆ ಕೊಂಚ ತೆಳುವಾಗಿತ್ತು. ಪೂರ್ತಿ ಹಳೆಯ ಸ್ಥಿತಿಗೆ ಬರುವುದೋ ಇಲ್ಲವೋ ಹೇಳಲಾಗದು ಎಂದರು ವೈದ್ಯೆ. ಅಪಾಯದ ಅಂಚಿನಿಂದ ಈಚೆಗೆ ಬಂದಿದ್ದೀರಿ ಎಂದೂ ಹೇಳಿದರು. ಇವಳು ಅಲ್ಲೇ ಅತ್ತಳು. ನನಗೆ ಆನಂದಕ್ಕಿಂತ ಬೆರಗೇ ಹೆಚ್ಚಾಗಿತ್ತು; ಇಂದಿಗೂ ಎದೆಯ ಮೇಲೆ ಅಂಗೈ ಇಟ್ಟಾಗ ಒಮ್ಮೆ ಬೆಚ್ಚುತ್ತೇನೆ.

ಅಳೆದ ಅಂಕಿಯನ್ನು ಮುಚ್ಚಿಡದೆ ಹೇಳಿದ ಆ ವೈದ್ಯೆ ನೂರ್ಕಾಲ ಬಾಳಲಿ. ಅವರ ಪ್ರಾರ್ಥನೆಗಳು ಫಲಿಸಲಿ. ಕತ್ತಲ ಕೋಣೆಯಲ್ಲಿ ಕೂತು ಪರರ ಹೃದಯಗಳನ್ನು ಬೆಳಕಿಗೆ ತರುವವರ ಕಣ್ಣು ಮಂಕಾಗದಿರಲಿ. ನನ್ನ ಸಹಧರ್ಮಿಣಿಯ ದನಿ ಬೀದಿಯ ತುದಿಗೆ ಕೇಳುತ್ತಲೇ ಇರಲಿ. ಇದನ್ನು ಓದಿದವರ ಎದೆಯಲ್ಲಿ ದುಡಿಯುತ್ತಿರುವುದಕ್ಕೂ ಬಿಡುವು ದೊರೆಯಲಿ, ಭಾರ ಇಳಿಯಲಿ.