ಮುಚ್ಚಿಟ್ಟ ಮಡಿ

ಮೇ ತಿಂಗಳ ನಡುವಿನ ಭಾನುವಾರ, ಬೆಳಗಿನ ಆರು ಗಂಟೆ. ಹಾಜರಿದ್ದವರು ನಾನು, ನನ್ನ ಸೊಂಟನೋವು, ಮತ್ತು ಹಿತ್ತಿಲಲ್ಲಿ ಚಿರೆಕಲ್ಲು ಕಟ್ಟಿ ಎತ್ತರಿಸಿದ ತರಕಾರಿ ಮಡಿ. ಹೆಂಡತಿ ನೀಲಮ್ಮ ಬಾಗಿಲಲ್ಲಿ ನಿಂತಿದ್ದಳು. ಅದನ್ನು ಹಾಜರಿ ಎನ್ನುವುದಕ್ಕಿಂತ ತಪಾಸಣೆ ಎನ್ನುವುದೇ ಸರಿ.

ವಾಸ್ಕೋದ ನಮ್ಮ ಹಿತ್ತಿಲಿನ ಕೆಂಪು ಮಣ್ಣು ಕಲ್ಲಾಗಿಯೇ ಇರುವ ಹಟ ಇನ್ನೂ ಬಿಟ್ಟಿಲ್ಲ. ಅಗೆದಗೆದು ನಾನು ಸೋತೆ. ಅಗೆಯದೆ ಬರೀ ಹೊದಿಸುವ ವಿಧಾನವೊಂದಿದೆ ಎಂದು ಓದಿದಾಗ, ದಣಿದವನಿಗೆ ಹೇಳಿ ಮಾಡಿಸಿದಂತಿದೆ ಅನ್ನಿಸಿತು. ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಮಡಿಯ ಮೇಲೆ ಹಾಸಿ, ನೀರುಣಿಸಿ, ಸಗಣಿ, ಒಣಗಿದ ಗೇರುಮರದ ಎಲೆ, ಅಡುಗೆಮನೆಯ ಸಿಪ್ಪೆ ಹರಡಿ ಸುಮ್ಮನಿರಬೇಕು. ಕಳೆ ಸಾಯುತ್ತದೆ, ಎರೆಹುಳು ಬರುತ್ತದೆ, ಮಣ್ಣು ತಾನೇ ಮೆದುವಾಗುತ್ತದೆ. ಕಾಡು ತನ್ನ ಎಲೆಯನ್ನು ತಾನೇ ಹೊದ್ದು ಬೆಳೆದದ್ದೂ ಹೀಗೆಯೇ; ಅದಕ್ಕೆ ಗುದ್ದಲಿ ಹಿಡಿದ ಯಜಮಾನನಿರಲಿಲ್ಲ.

ಕಷ್ಟವಿರುವುದು ಸುಮ್ಮನಿರುವುದರಲ್ಲಿ. ಬಂದರಿನಲ್ಲಿ ನನ್ನ ಉದ್ಯೋಗವೇ ಮುಚ್ಚಿದ ಪೆಟ್ಟಿಗೆಗಳನ್ನು ತೆರೆಸಿ ನೋಡುವುದಾಗಿತ್ತು. ನಿವೃತ್ತಿಯಾದರೂ ಬೆಳಗಿನ ಆರಕ್ಕೆ ಕೈ ತಾನಾಗಿ ಎಲೆ ಸರಿಸಿ ರಟ್ಟಿನ ಮೂಲೆ ಎತ್ತುತ್ತದೆ. ಮಣ್ಣು ನಿನ್ನೆಯಂತೆಯೇ ಇರುತ್ತದೆ. ಸೊಂಟ ಮಾತ್ರ ನಿನ್ನೆಯಂತಿರುವುದಿಲ್ಲ.

ನೀಲಮ್ಮನಿಗೆ ಈ ಕಸದ ರಾಶಿ ಸಾಕಾಗಿದೆ. ಹಿತ್ತಿಲಿಗೆಲ್ಲ ಫರಸಿಕಲ್ಲು ಹಾಸಿದರೆ ಸಂಡಿಗೆ ಒಣಗಿಸಬಹುದೆಂದು ಮಾದರಿಗೆ ಒಂದು ಕಲ್ಲನ್ನೂ ತರಿಸಿ ಗೋಡೆಗೆ ಒರಗಿಸಿದ್ದಾಳೆ. ಮೊದಲ ಮಳೆಯ ಹೊತ್ತಿಗೆ ಬೀಜ ಊರುವಂತಾಗದಿದ್ದರೆ ಫರಸಿಯೇ ಎಂದು ನಮ್ಮಲ್ಲಿ ಒಪ್ಪಂದ. ನನಗೋ, ಹುಟ್ಟೂರಿನ ಮುಳ್ಳುಬದನೆಯನ್ನು ಇಲ್ಲಿ ಒಮ್ಮೆಯಾದರೂ ಕೈಯಾರೆ ಬೆಳೆದು ತಿನ್ನುವ ಆಸೆ.

ಇಂದು ಎತ್ತಿದಾಗ ರಟ್ಟಿನಡಿಯಲ್ಲಿ, ಕಸವನ್ನು ಮಣ್ಣಾಗಿಸುವ ಶಿಲೀಂಧ್ರದ ಬಿಳಿ ಎಳೆಗಳ ಬಲೆ ಹಬ್ಬಿತ್ತು. ಎತ್ತಿದ್ದಕ್ಕೇ ಅರ್ಧ ಹರಿದುಹೋಯಿತು. ನೀಲಮ್ಮ ಬಂದು ಬಗ್ಗಿ ನೋಡಿದಳು. ಎರೆಹುಳುವೊಂದು ಬೆಳಕಿಗೆ ಬೇಸತ್ತು ಒಳಗೆ ಸರಿಯಿತು.

"ಹೆಪ್ಪು ಹಾಕಿದ ಹಾಲು ತಾಸಿಗೊಮ್ಮೆ ಕಲಕಿ ನೋಡಿದ್ರ ಮೊಸರಾಗತೈತೇನ್ರಿ?" ಎಂದಳು.

ಮದುವೆಯಾದಾಗಿನಿಂದ ಅವಳು ರಾತ್ರಿ ಹೆಪ್ಪು ಹಾಕಿ, ಮುಚ್ಚಿ, ನಿದ್ದೆ ಮಾಡಿದ್ದಾಳೆ. ಮೊಸರು ಒಂದು ದಿನವೂ ಗೈರುಹಾಜರಾದ ನೆನಪಿಲ್ಲ.

ನಾನು ರಟ್ಟನ್ನು ಮತ್ತೆ ಮುಚ್ಚಿದೆ. ಕೈ ಇನ್ನೂ ಅದರ ಮೇಲೇ ಇತ್ತು. ಅದನ್ನು ಕಂಡ ನೀಲಮ್ಮ ಗೋಡೆಯತ್ತ ನಡೆದಳು.

"ಬರ್ರಿ, ಈ ಕಲ್ಲು ಅದರ ಮ್ಯಾಲಿಡೂಣು. ಮಳಿ ಬರೂತನಾ ನಿಮ್ಮೊಬ್ಬರಿಗೆ ಎತ್ತಾಕ ಆಗಬಾರದು."

ಒಂದೊಂದು ತುದಿ ಹಿಡಿದು, ನಡುವೆ ಎರಡು ಸಲ ಇಳಿಸಿ ಉಸಿರು ತೆಗೆದುಕೊಂಡು, ಕಲ್ಲನ್ನು ನಾನು ದಿನವೂ ಎತ್ತುವ ಮೂಲೆಯ ಮೇಲೆ ಇಟ್ಟೆವು. ಹಿತ್ತಿಲಿಗೆ ಫರಸಿ ಬಂದೇ ಬಂತು, ಒಂದೇ ಒಂದು. ಇಂದಿನ ಕೆಲಸ ಅಲ್ಲಿಗೆ ಮುಗಿಯಿತು.