ಬುಡ ನೋಡದೆ ತೀರ್ಪು ಕೊಡದವರು: ತಾಮ್ರಜೇಕಿನ ಹೆರಾ ತೈಪುವಾ

ನ್ಯೂಜಿಲೆಂಡಿನ ನಮ್ಮ ದಕ್ಷಿಣ ದ್ವೀಪದ ತೋಟಗಾರಿಕೆಯ ಚರಿತ್ರೆಯನ್ನು ಯಾರಾದರೂ ಶ್ರದ್ಧೆಯಿಂದ ಬರೆಯಲು ಕುಳಿತರೆ, ಗುಲಾಬಿಯವರಿಗೆ ಒಂದು ಅಧ್ಯಾಯ, ರೋಡೊಡೆಂಡ್ರನ್ನಿನವರಿಗೆ ಎರಡು ಅಧ್ಯಾಯ ಹಂಚಿದ ಮೇಲೂ, ಜೇಕಿಗೆಂದು ಉಳಿಯುವ ಪುಟಗಳಲ್ಲಿ ಮೊದಲು ಬರಬೇಕಾದ ಹೆಸರು ಶ್ರೀಮತಿ ಹೆರಾ ತೈಪುವಾ ಅವರದು. ಹೊಳೆಯಂಚಿನಲ್ಲಿ ತನ್ನಷ್ಟಕ್ಕೆ ಬೆಳೆದುಕೊಂಡು, ದನಗಳಿಗೂ ಬೇಡವಾಗಿ, ಗುದ್ದಲಿಗೆ ಮಾತ್ರ ಬೇಕಾಗಿದ್ದ ಕಂದುಬಣ್ಣದ ಆ ಹುಲ್ಲನ್ನು ಮನೆಯಂಗಳಕ್ಕೆ ಕರೆತಂದು, ಕುಂಡದಲ್ಲಿ ಕೂರಿಸಿ, ಮರ್ಯಾದೆ ಕೊಡಿಸಿದವರು ಅವರು. ಹುಲ್ಲು ಎಂದದ್ದು ಅವರ ಕಿವಿಗೆ ಬಿದ್ದರೆ ನಮಗೆ ಉಳಿಗಾಲವಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಪ್ರತಿಯೊಬ್ಬರ ಬೆರಳಿಗೂ ಒಂದು ಕಾಂಡ ಕೊಟ್ಟು ಉರುಳಿಸಿ ನೋಡೆನ್ನುತ್ತಿದ್ದರು. "ಮೂರು ಏಣು ಸಿಕ್ತಾ? ಸಿಕ್ರೆ ಜೇಕು. ಗುಂಡಗೆ ಉರುಳಿದ್ರೆ ಹುಲ್ಲು. ನಿನ್ನ ತಲೆ ಥರ."

ಪೂರೆಯಿ ನರ್ಸರಿಯಲ್ಲಿ ಅವರು ಸಲ್ಲಿಸಿದ ನಲವತ್ತೊಂದು ವರ್ಷಗಳ ಸೇವೆಗೆ ಬರುವ ಮುನ್ನ, ತೊಹು ಕಣಿವೆಯ ಒಂದು ಮೆಟ್ಟಿಲಿನ ಬಗ್ಗೆ ಹೇಳಬೇಕು. ಅದು ಅವರ ತಾಯಿಯ ಮನೆಯ ಬಾಗಿಲ ಮೆಟ್ಟಿಲು. ಅದರ ಪಕ್ಕದಲ್ಲೊಂದು ಜೇಕಿನ ಪೊದೆ; ಬಿಸಿಲು ಬಿದ್ದಾಗ ಆಗಷ್ಟೇ ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೊಂಬಿನ ಬಣ್ಣ. ಮೆಟ್ಟಿಲ ಮೇಲೆ ಮಗಳನ್ನು ಕೂರಿಸಿಕೊಂಡು ತಲೆ ಬಾಚುವ ತಾಯಿ, ಜಡೆ ಮುಗಿದ ಮೇಲೆ ಅದೇ ಹಣಿಗೆಯನ್ನು ಪೊದೆಯ ಮೇಲೂ ಆಡಿಸುವರು. "ನೋಡು, ಇವಳು ನಿನ್ನ ಥರ ಕಿರುಚಲ್ಲ." ಹೆರಾ ಅವರಿಗೆ ಹದಿನಾರು ತುಂಬುವಷ್ಟರಲ್ಲಿ ತಾಯಿ ತೀರಿಕೊಂಡರು, ಅದೇ ವರ್ಷ ಅಣೆಕಟ್ಟಿನ ನೀರು ಕಣಿವೆಗೆ ಏರಿತು. ಲಾರಿಗೆ ಮಂಚ, ಬೀರು, ಕೋಳಿಗೂಡು ಹತ್ತಿದವು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಪೊದೆಯನ್ನು ಬುಡಸಮೇತ ಕೂರಿಸಿ, ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗಿ ಹಿಂದೆ ಕೂತಳು. ಆ ದಿನ ತಂದದ್ದರಲ್ಲಿ ಇವತ್ತಿಗೆ ಉಳಿದಿರುವುದು ಎರಡೇ: ಆ ಹಣಿಗೆ ಮತ್ತು ಆ ಜೇಕು. ಜೇಕು ಉಳಿದ ಕತೆಯೇ ಈ ಲೇಖನ.

ಹತ್ತು ವರ್ಷ ಬಾಡಿಗೆ ಮನೆಗಳಲ್ಲಿ ತಿರುಗಿದ ತೊಟ್ಟಿಯ ಪೊದೆ, ೧೯೮೪ರಲ್ಲಿ ಅವರ ಜತೆಗೇ ನರ್ಸರಿಗೆ ಸೇರಿ, ಕುಂಡ ತುಂಬುವ ಕೊಟ್ಟಿಗೆಯ ಹಿಂದಿನ ನೆಲಕ್ಕೆ ಇಳಿಯಿತು. ಅದಕ್ಕೆ ಬೆಲೆಯ ಚೀಟಿ ಇರಲಿಲ್ಲ. ನರ್ಸರಿಯ ಕೆಲಸಗಾರರಾದ ನಾವೆಲ್ಲ ಅದನ್ನು ಅಮ್ಮ ಎನ್ನುತ್ತಿದ್ದೆವು. ಉಳಿದ ಜೇಕುಗಳ ವಿಷಯದಲ್ಲಿ ಅವರ ಕೈ ಎಂಥದೆಂದು ಇಡೀ ಒಟಾಗೊ ಪ್ರಾಂತ್ಯ ಬಲ್ಲದು. ಹೆಸರೇ ಹೆರಾ, ಮಾಡಿಸುತ್ತಿದ್ದುದೂ ಹೆರಿಗೆಯೇ. ವಸಂತ ಬಂತೆಂದರೆ ಬ್ರೆಡ್ಡು ಕೊಯ್ಯುವ ಹಲ್ಲುಚಾಕು ಹಿಡಿದು, ಪೊದೆಯನ್ನು ಮಗುಚಿ, ಬೇರೆಯವರು ಮುಟ್ಟಿದರೆ ಮುನಿಯುವ ಬೇರನ್ನು ಬೇರೆ ಬೇರೆ ಮಾಡಿ, ಒಂದನ್ನು ಎಂಟಾಗಿಸುವರು. "ಇದರ ನಡು ಮೊದಲು ಸಾಯುತ್ತೆ, ಅಂಚು ಬದುಕುತ್ತೆ. ನಾಲ್ಕು ವರ್ಷಕ್ಕೊಮ್ಮೆ ಒಡೆಯದಿದ್ರೆ ಪೂರಾ ಹೋಗುತ್ತೆ." ಕತ್ತರಿ ಕಂಡರೆ ಅವರಿಗಾಗದು, ಒಣಗರಿಯನ್ನು ಬೆರಳಿನಿಂದಲೇ ಬಾಚಿ ತೆಗೆಯಬೇಕು. ಬುಡ ತಂಪಾಗಿರಬೇಕು, ಆದರೆ ನೀರು ನಿಲ್ಲಬಾರದು. ಈ ಪಾಠಗಳನ್ನು ಅವರಿಂದ ಕಲಿತವರು ಇಂದು ಹನ್ನೆರಡು ನರ್ಸರಿ ನಡೆಸುತ್ತಿದ್ದಾರೆ.

ಇಷ್ಟೆಲ್ಲ ಕಲಿಸಿದವರು ಅಮ್ಮನನ್ನು ಮಾತ್ರ ಒಡೆಯಲಿಲ್ಲ. ೧೯೯೧ರಲ್ಲಿ ಒಮ್ಮೆ ಐದು ಹೋಳು ಮಾಡಿದ್ದರು; ಬಿಸಿಗಾಳಿಗೆ ಸಿಕ್ಕಿ ನಾಲ್ಕು ಸತ್ತವು, ಒಂದು ಹೇಗೋ ನಿಂತಿತು. ಬೀಜದಿಂದ ಎಬ್ಬಿಸಿದ ಸಸಿಗಳು ಹಸಿರಾದವು, ಮಾಸಲಾದವು. ಆ ತಾಮ್ರ ಬರಲಿಲ್ಲ. ಅಂದಿನಿಂದ ಅಮ್ಮನ ಹತ್ತಿರ ಅವರು ಚಾಕು ಒಯ್ಯಲಿಲ್ಲ. ನಾವು ನಿಯಮ ನೆನಪಿಸಿದರೆ, "ನಿಯಮ ನಿಮಗೆ" ಎಂದು ಚಹಾ ಬಗ್ಗಿಸುತ್ತಿದ್ದರು. ಒಂದೇ ಒಂದು ಸಲ ಒಯ್ದರು. ಅದಕ್ಕೆ ಕಾರಣ ಸ್ಪೆನ್ಸ್ ಸಾಹೇಬರು.

ಕಂದು ಜೇಕು ಮಾರುವವರಿಗೆ ಜೇಕೇ ಒಂದು ಜೋಕು. ಬದುಕಿದ್ದಾಗಲೂ ಅದು ಒಣಗಿದಂತೆಯೇ ಕಾಣುವುದರಿಂದ, ಕೊಂಡವರು ವಾರಕ್ಕಿಬ್ಬರು ಕುಂಡ ಹೊತ್ತು ಹಿಂದಿರುಗುವುದು ವಾಡಿಕೆ. ಹೆರಾ ಅವರು ಎದುರಿಗೇ ಗರಿ ಸರಿಸಿ, ಬುಡದ ಬೆಳ್ಳನೆಯ ಹಸಿಯನ್ನು ತೋರಿಸಿ, ಕುಂಡವನ್ನು ಅವರ ಕಂಕುಳಿಗೇ ಮರಳಿಸುವರು. ೨೦೦೯ರ ವಸಂತದಲ್ಲಿ ಬಂದ ಡೂಗಲ್ ಸ್ಪೆನ್ಸ್, ರೈಲ್ವೆಯ ನಿವೃತ್ತ ಗಾರ್ಡು, ಸೀಟಿ ಊದಿದಂತೆ ಮಾತು.

"ಸತ್ತಿದೆ!"

"ಬುಡ ನೋಡಿದ್ರಾ, ಮಿಸ್ಟರ್ ಸ್ಪೆನ್ಸ್?"

"ಸತ್ತದ್ದರ ಬುಡ ಯಾಕಮ್ಮಾ ನೋಡಲಿ?"

ನೋಡಿದರೆ, ನಿಜವಾಗಿಯೂ ಸತ್ತಿತ್ತು. ಬೇರೊಂದು ಕೊಟ್ಟರು. ಮೂರು ವಾರಕ್ಕೆ ಅದನ್ನೂ ತಂದರು, ಅದೂ ಸತ್ತಿತ್ತು. ಸೂರಿನಡಿಯ ಒಣಮಣ್ಣಿನಲ್ಲಿ ನೆಟ್ಟಿದ್ದರಂತೆ. "ಗೇಟಿನ ಅಂಚೆಪೆಟ್ಟಿಗೆ ಹತ್ತಿರ ನೆಡು ಅಂದಿದ್ದಳು ನೆಟ್ಟಿ. ನಾನು ಮಾತು ಕೇಳಲಿಲ್ಲ. ಈಗ ಹೇಳೋಕೆ ಅವಳೇ ಇಲ್ಲ." ಹೆಂಡತಿ ನೆಟ್ಟಿ ತೀರಿಹೋಗಿ ಎರಡು ತಿಂಗಳಾಗಿತ್ತು. ಹೆರಾ ಅವರು ಕೊಟ್ಟಿಗೆಯ ಹಿಂದಕ್ಕೆ ಹೋದರು. ಕಿಟಕಿಯಲ್ಲಿ ಇಣುಕಿದ ನಮಗೆ ಕಂಡದ್ದು ನಂಬಲಾಗದ ನೋಟ: ಹಲ್ಲುಚಾಕಿನಿಂದ ಅಮ್ಮನ ಅಂಚಿನಲ್ಲಿ ಅಂಗೈಯಗಲದ ಒಂದು ತುಂಡು ಕೊಯ್ದು, ಒದ್ದೆ ಗೋಣಿಯಲ್ಲಿ ಸುತ್ತಿ ತಂದರು. "ಇದನ್ನ ನೆಟ್ಟಿ ಹೇಳಿದ ಕಡೆಯೇ ನೆಡಿ."

ಮರುವರ್ಷ ಸ್ಪೆನ್ಸ್ ಗಿಡವಿಲ್ಲದೆ ಬರಿಗೈಯಲ್ಲಿ ಬಂದರು. "ಸತ್ತಿದೆ!" ಎರಡು ಸಲ ನಿಜ ಹೇಳಿದ್ದ ಬಾಯಿ; ಮೂರನೆಯದನ್ನೂ ಹೆರಾ ಅವರು ನಂಬಿದರು. ಮುಖ ಚಿಕ್ಕದು ಮಾಡಿಕೊಂಡು ಒಳಗೆ ಹೋದವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಂದಿನಿಂದ ಪ್ರತಿ ಅಕ್ಟೋಬರಿನಲ್ಲಿ ಸಾಹೇಬರು ತಪ್ಪದೆ ಬಂದು, "ನಿಮ್ಮ ಗಿಡ ಇನ್ನೂ ಸತ್ತೇ ಇದೆ" ಎಂದು ವರದಿ ಒಪ್ಪಿಸಿ, ಎರಡು ಚೀಸ್ ರೋಲು ತಿಂದು, ಒಂದು ಗೊಬ್ಬರದ ಚೀಲ ಕೊಂಡು ಹೋಗುವರು. ಅವರ ದನಿಯನ್ನು ಅಣಕಿಸುವುದು ನಮಗೊಂದು ವಾರ್ಷಿಕೋತ್ಸವ. ಹೆರಾ ಅವರು ಮಾತ್ರ ನಗುತ್ತಿರಲಿಲ್ಲ.

ಕಳೆದ ಜುಲೈ, ಇಲ್ಲಿಯ ನಡುಚಳಿಗಾಲ, ಹಿಮ ಬಿದ್ದ ಬೆಳಿಗ್ಗೆ. ನಮ್ಮ ಸಹೋದ್ಯೋಗಿ ಜೋನೀ ಅಮ್ಮನನ್ನು ಬಾಚಲು ಹೋದಳು. ಬೆರಳಿಗೆ ಒಣಗರಿ ಬರುವ ಬದಲು ಇಡೀ ಕಂತೆ ಬುಡಸಮೇತ ಕಿತ್ತು ಬಂತು. ಬೆಳ್ಳನೆಯ ಹಸಿ ಎಲ್ಲಿಯೂ ಇಲ್ಲ, ನಡುವಿನಲ್ಲೂ ಇಲ್ಲ, ಅಂಚಿನಲ್ಲೂ ಇಲ್ಲ. ಜೋನೀ ಅಳುತ್ತ ಬಂದಳು.

"ಆಂಟಿ, ಅಮ್ಮ..."

"ಗೊತ್ತು," ಎಂದರು ಹೆರಾ. "ಈಸ್ಟರಿನಿಂದಲೇ ಗೊತ್ತು."

ಮೂರು ತಿಂಗಳು ಪ್ರತಿ ಸಂಜೆ ಅವರು ಸತ್ತ ಪೊದೆಗೆ ನೀರುಣಿಸಿದ್ದರು. ಬಣ್ಣ ಹೋಗಿರಲಿಲ್ಲವಲ್ಲ. ಬದುಕಿದ್ದಾಗ ಹೇಗಿತ್ತೋ ಸತ್ತ ಮೇಲೂ ಹಾಗೇ ಬಿಸಿಲಿಗೆ ಮಿರುಗುತ್ತಿತ್ತು. ಬುಡ ನೋಡದೆ ತೀರ್ಪು ಕೊಡಬೇಡಿ ಎಂದು ನಮಗೆಲ್ಲ ಹೇಳಿದವರು, ಬುಡ ನೋಡಿದ ಮೇಲೂ ತೀರ್ಪು ಕೊಡಲಾರದೆ ಕೂತಿದ್ದರು.

ಅಕ್ಟೋಬರು ಬಂತು, ಸ್ಪೆನ್ಸ್ ಸಾಹೇಬರೂ ಬಂದರು. ಎಂಬತ್ತಾರು ವಯಸ್ಸು, ಕೋಲು, ಅದೇ ಸೀಟಿ.

"ಇನ್ನೂ ಸತ್ತೇ ಇದೆ!"

ಯಾರೂ ನಗಲಿಲ್ಲ. ಹೆರಾ ಅವರು ಕೈಯ ಮಣ್ಣು ಕೊಡವಿ ಕೇಳಿದರು. "ಹದಿನೈದು ವರ್ಷವಾಯ್ತಲ್ಲ, ಮಿಸ್ಟರ್ ಸ್ಪೆನ್ಸ್. ಕಿತ್ತು ಎಸೆಯಬಾರದಾ?"

"ಕೀಳೋಕೆ ನನ್ನ ಕೈಲಾಗುತ್ತಾ? ಅದೇ ತಾನೇ ನನ್ನ ದೂರು! ಸತ್ತ ಗಿಡ ಕೊಟ್ರಿ, ಸುಮ್ನಿದ್ದೆ. ಅದು ವರ್ಷ ವರ್ಷ ದೊಡ್ಡದಾಗ್ತಾ ಇದೆ! ಈಗ ಪೆಟ್ಟಿಗೆ ಬಾಗಿಲೇ ತೆರೆಯಲ್ಲ, ಪೋಸ್ಟಿನವನು ಬಯ್ತಾನೆ."

ಹೆರಾ ಅವರು ಆಗಲೇ ಬಾಗಿಲು ದಾಟಿದ್ದರು. ವ್ಯಾನಿನ ಕೀಲಿ ಯಾರು ತೆಗೆದುಕೊಂಡರೋ, ಅಂಗಡಿಗೆ ಬೀಗ ಹಾಕಿದರೋ ಇಲ್ಲವೋ, ಇವತ್ತಿಗೂ ನಮ್ಮಲ್ಲಿ ಒಮ್ಮತವಿಲ್ಲ.

ಅಂಚೆಪೆಟ್ಟಿಗೆಯ ಬುಡದಲ್ಲಿ ಅದು ಸೊಂಟದೆತ್ತರಕ್ಕೆ ನಿಂತಿತ್ತು. ಅದೇ ಬಣ್ಣ. ಹೆರಾ ಅವರು ಮಂಡಿಯೂರಿದರು; ಗರಿಗೆ ಕೈ ಹಾಕಿದರು. ಸರಿಸಿದರು. ನಡು ಖಾಲಿ. ಅಂಚಿನ ಸುತ್ತ ಎಳೆಹಲ್ಲಿನಂತೆ ಬೆಳ್ಳನೆಯ ಮೊಳಕೆ. ಒಂದು ಕಾಂಡವನ್ನು ಬೆರಳಲ್ಲಿ ಉರುಳಿಸಿದರು. ಮೂರು ಏಣು. ಆಮೇಲೆ ಎರಡೂ ಕೈಯಿಂದ ಬಾಚತೊಡಗಿದರು, ನಿಲ್ಲಿಸಲೇ ಇಲ್ಲ.

"ನೀರು ಯಾರು ಹಾಕ್ತಿದ್ದದ್ದು?" ಜೋನೀ ಕೇಳಿದಳು.

"ನಾನೇ. ನೆಟ್ಟಿ ಹೇಳಿದ ಜಾಗ ಅಲ್ವಾ," ಎಂದು ಸ್ಪೆನ್ಸ್ ಗೊಣಗಿದರು. ಬಳಿಕ, ಬದುಕಿದೆಯೆಂದು ತಿಳಿದದ್ದೇ ತಪ್ಪಾಯಿತೇನೋ ಎಂಬಂತೆ, "ಹಾಗಾದ್ರೆ ಬರೋ ವರ್ಷ ನಾನು ಏನಂತ ಬರಲಿ?"

"ಬದುಕಿದೆ ಅಂತ ಹೇಳೋಕೆ ಬನ್ನಿ," ಎಂದರು ಹೆರಾ. "ಚೀಸ್ ರೋಲು ಅದಕ್ಕೂ ಸಿಗುತ್ತೆ."

ಅರ್ಧ ಪೊದೆಯನ್ನು ಅಲ್ಲೇ ಉಳಿಸಿ, ಉಳಿದರ್ಧವನ್ನು ಅವರೇ ಒಡೆದರು. ಐದು ಹೋಳು: ನಾಲ್ವರು ಸಹೋದ್ಯೋಗಿಗಳಿಗೆ ಒಂದೊಂದು, ತಮಗೆ ಒಂದು. "ಒಂದೇ ಕಡೆ ಇಡಬೇಡಿ. ಬೇರೆ ಬೇರೆ ಊರಲ್ಲಿ ನೆಡಿ. ನಾನು ಕೇಳಿದ್ರೂ ನನಗೆ ವಾಪಸ್ ಕೊಡಬೇಡಿ."

ಈ ಮಾರ್ಚಿನಲ್ಲಿ, ನಿವೃತ್ತಿಯ ದಿನ, ಉಡುಗೊರೆ ಏನು ಬೇಕೆಂದು ಕೇಳಿದಾಗ ತೊಹುವಿಗೆ ಕರೆದೊಯ್ಯಿರಿ ಎಂದರು. ಅಲ್ಲಿ ನೆಡಲಾಗದು, ನೀರು ಏರಿಳಿಯುವ ಆ ಬೋಳು ದಡದಲ್ಲಿ ಏನೂ ನಿಲ್ಲುವುದಿಲ್ಲ. ಅವರಿಗದು ಗೊತ್ತಿತ್ತು. ದಡದಲ್ಲಿ ನಿಂತು ಬೆರಳು ಚಾಚಿ, "ಮೆಟ್ಟಿಲು ಅಲ್ಲಿ," ಎಂದರು. ಬರೀ ನೀರು. ಕೈಚೀಲದಿಂದ ತಾಯಿಯ ಹಣಿಗೆ ತೆಗೆದರು. ಅದರ ಹಲ್ಲುಗಳಲ್ಲಿ ಆ ಬೆಳಿಗ್ಗೆ ತಮ್ಮ ಗಿಡದಿಂದ ಬಾಚಿದ ನಾಲ್ಕಾರು ತಾಮ್ರದ ಗರಿಗಳು. ಒಂದೊಂದಾಗಿ ಬಿಡಿಸಿ ನೀರಿಗೆ ಬಿಟ್ಟರು. ಹಣಿಗೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು.

ಮಾನ್ಯ ಹೆರಾ ತೈಪುವಾ ಅವರಿಗೆ ಆಯುರಾರೋಗ್ಯವನ್ನು ಕೋರುವುದರಲ್ಲಿ ನಮ್ಮ ಸ್ವಾರ್ಥವೂ ಇದೆ. ಅವರು ಇನ್ನೂ ಬಹುಕಾಲ ಕುಂಡ ತುಂಬಲಿ, ತಪ್ಪು ಮಾಡುವ ಬೆರಳುಗಳನ್ನು ಗದರಲಿ. ನಾಲ್ಕು ಊರುಗಳಿಂದ ನಾವು ನಾಲ್ವರು, ಕೋಲೂರಿಕೊಂಡು ಸ್ಪೆನ್ಸ್ ಸಾಹೇಬರು, ಪ್ರತಿ ಅಕ್ಟೋಬರಿನಲ್ಲಿ ಅವರ ಬಾಗಿಲಿಗೆ ಒಂದೇ ದೂರು ಹೊತ್ತು ಬರುವವರಿದ್ದೇವೆ. "ಆಂಟಿ, ಇನ್ನೂ ದೊಡ್ಡದಾಗ್ತಾ ಇದೆ." ಅದನ್ನು ಕೇಳಿಸಿಕೊಳ್ಳಲು ಅವರು ಮನೆಯಲ್ಲಿರಬೇಕು.