ಅತ್ತೆಯ ಕಾಲಿನ ಒಪ್ಪಿಗೆ

ದೆವ್ವ, ಶಕುನ, ಹರಕೆ ಎಂದರೆ ನಗುವವರ ಪೈಕಿ ನಾನು. ಹಿಂದೂಪುರದಲ್ಲಿ ವಕೀಲ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಗಳನ್ನೇ ಪಾಟೀಸವಾಲಿನಲ್ಲಿ ಜಾಲಾಡುವವನು. ಅಂಥವನು ಇದನ್ನು ಬರೆದನೆಂದು ತಿಳಿದರೆ ಕಕ್ಷಿದಾರರು ಬೇರೆ ವಕೀಲರನ್ನು ಹುಡುಕಿಕೊಂಡಾರು. ಆದರೂ ಬರೆಯುತ್ತೇನೆ. ನೀವು ನಂಬಲೇಬೇಕೆಂದೇನಿಲ್ಲ.

ನನ್ನನ್ನು ಸಾಕಿದವಳು ಸೋದರತ್ತೆ. ಕಲ್ಯಾಣದುರ್ಗದಲ್ಲಿ ಗುಂಡಿ ಮಗ್ಗದ ಮುಂದೆ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತಾ ಸೀರೆ ನೇಯ್ದೇ ನನ್ನನ್ನು ಓದಿಸಿದಳು. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯಿಂದ ಅವಳ ಎಡಗಾಲಿನ ಹುಣ್ಣು ಕೊಳೆಯಿತು. ಹಿಂದೂಪುರಕ್ಕೆ ಕರೆತಂದು ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆ. ಮಾರನೆಯ ಬೆಳಿಗ್ಗೆ ಡಾಕ್ಟರು ನನ್ನನ್ನು ಕರೆದು, ಕಾಲು ತೆಗೆಯದಿದ್ದರೆ ನಂಜು ಮೈಗೇರುತ್ತದೆ, "ಸಾಯಂತ್ರಂ ದಾಟಿತೇ ಕಷ್ಟಂ", ಸಂಜೆ ದಾಟಿದರೆ ಉಳಿಸುವುದು ಕಷ್ಟ, ಎಂದರು. ಆಮೇಲೆ ಅವಳ ಮಂಚದ ಪಕ್ಕ ಕೂತು, ಎಲ್ಲಿಗೆ ಕತ್ತರಿಸುತ್ತೇವೆ, ಅಪಾಯವೇನು, ಬೇಡವೆಂದರೆ ಏನಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಒಪ್ಪಿಗೆ ಪಡೆಯುವ ಸರಿಯಾದ ರೀತಿ ಅದೇ. ನಾನೂ ಮನಸ್ಸಿನಲ್ಲೇ ಮೆಚ್ಚಿದೆ.

ಅತ್ತೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಂಗೇಳಿದ್ರು, ಸರಿ. ಕಾಲಿಗ್ಯಾರು ಹೇಳಿದ್ರು? ಹುಣ್ಸೇಮರ ಕಡಿಯಾಕ್ ಮುಂಚೆ ಮರಕ್ಕೇಳಲ್ವೇನಪ್ಪ?"

ನಮ್ಮ ಕಡೆ ಹಳೆಯ ಮರ ಕಡಿಯುವ ಮುಂಚೆ ಅರಿಶಿನ ಕುಂಕುಮ ಇಟ್ಟು, ಯಾಕೆ ಕಡಿಯುತ್ತಿದ್ದೇವೆಂದು ಮರಕ್ಕೆ ತಿಳಿಸುವುದುಂಟು. ಹಾಗಾದರೆ ಇಲ್ಲೇ ಹೇಳಿಬಿಡು ಅತ್ತೆ ಎಂದೆ. ಅದಕ್ಕವಳು, ಮಂಚದ ಮೇಲಿರುವುದು ಬರೀ ಕೊಳೆತ ಮಾಂಸ, ತನ್ನ ಕಾಲಿರುವುದು ಮಗ್ಗದ ಗುಂಡಿಯಲ್ಲಿ, ಹೋಗಿ ಅಲ್ಲಿ ಹೇಳು, ಅದು ಏನನ್ನುತ್ತದೋ ಕೇಳಿಕೊಂಡು ಬಾ, ಅಲ್ಲಿಯತನಕ ರುಜು ಹಾಕುವುದಿಲ್ಲ ಎಂದಳು. ನನಗೆ ಮೈಯೆಲ್ಲ ಉರಿಯಿತು. ಬುದ್ಧಿ ನೆಟ್ಟಗಿರುವವಳ ಬದಲು ಇನ್ನೊಬ್ಬರು ರುಜು ಹಾಕುವಂತಿಲ್ಲ. ಕಾನೂನು ಕಲಿತದ್ದೇ ಅವತ್ತು ತಪ್ಪಾಯಿತು ಅನ್ನಿಸಿತು.

ಕಾರು ಹತ್ತಿದೆ. ಮಡಕಶಿರದಲ್ಲಿ ಟೀ ಕುಡಿದು, ಅಲ್ಲಿಂದಲೇ ಫೋನ್ ಮಾಡಿ, ಕಾಲಿಗೆ ಹೇಳಿದೆ, ಅದು ಒಪ್ಪಿತು ಎಂದುಬಿಡಲೇ ಎಂದುಕೊಂಡೆ. ಆದರೆ ಸುಳ್ಳು ಹೇಳಿ ಪಡೆದದ್ದು ಒಪ್ಪಿಗೆಯೇ ಅಲ್ಲ ಎಂದು ಕೋರ್ಟಿನಲ್ಲಿ ಗಂಟಲು ಹರಿದುಕೊಂಡು ವಾದಿಸುವವನು ನಾನೇ ಅಲ್ಲವೇ? ಅವಳ ಮೇಲಿನ ಸಿಟ್ಟನ್ನೆಲ್ಲ ಕಾರಿನ ಮೇಲೆ ತೀರಿಸಿಕೊಳ್ಳುತ್ತಾ ಮುಂದೆ ಹೊರಟೆ.

ಕಲ್ಯಾಣದುರ್ಗ ಮುಟ್ಟಿದಾಗ ಸುಡುಬಿಸಿಲು. ಪಕ್ಕದ ಮನೆಯಿಂದ ಬೀಗದ ಕೈ ಇಸಿದುಕೊಂಡು ಒಳಗೆ ಹೋದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಗುಂಡಿಯ ಅಂಚಿನಲ್ಲಿ ಕೂತು, ನಾಚಿಕೆ ಬಿಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಕೊನೆಗೆ, ಏನಂತೀಯ ಎಂದು ಕೇಳಿದೆ.

ಎಡಗಡೆಯ ಹಲಗೆ ಕೆಳಗಿಳಿಯಿತು. ದಪ್ಪೆಂದು ಬೀಳಲಿಲ್ಲ. ಯಾರೋ ಪಾದವಿಟ್ಟು ಒತ್ತಿದ ಹಾಗೆ ನಿಧಾನವಾಗಿ ಇಳಿದು, ಕೊಂಚ ನಿಂತು, ಮೇಲಕ್ಕೆ ಬಂತು. ಮಗ್ಗದ ಮೇಲಿನ ಹಾಸಿನ ನೂಲೆಳೆಗಳು ಎರಡಾಗಿ ಬಿರಿದು ಮತ್ತೆ ಕೂಡಿದವು. ಹಲಗೆಯ ಹಗ್ಗ ಹಿಡಿದು ನೋಡಿದೆ, ಗಟ್ಟಿಯಾಗಿತ್ತು. ಗುಂಡಿಯೊಳಗೆ ಟಾರ್ಚ್ ಬಿಟ್ಟೆ. ಇಲಿಯಿಲ್ಲ, ಬೆಕ್ಕಿಲ್ಲ. ಕಿಟಕಿ ಮುಚ್ಚಿತ್ತು. ಇನ್ನೊಂದು ಸಲ ಕೇಳಿದೆ. ಹಲಗೆ ಅಲುಗಲಿಲ್ಲ.

ಹೊರಗೆ ಬಂದು ಫೋನ್ ಮಾಡಿ, "ಒಪ್ಕೊಂತು ಅತ್ತೆ" ಎಂದೆ. ಅವಳು ಮರುಮಾತಿಲ್ಲದೆ ರುಜು ಹಾಕಿದಳಂತೆ. ನಾನು ಹಿಂದೂಪುರಕ್ಕೆ ವಾಪಸು ಬರುವಷ್ಟರಲ್ಲಿ ಕಾಲು ತೆಗೆದಾಗಿತ್ತು. ಅತ್ತೆ ಉಳಿದಳು.

ಈಗ ನನ್ನ ಮನೆಯಲ್ಲೇ ಇದ್ದಾಳೆ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ, ಅವತ್ತು ಕಾಲು ಏನಂತು, ಹೇಗಂತು ಎಂದು ವಿಚಾರಿಸಿದಳು. ಹಲಗೆ ಒಂದು ಸಲ ಇಳಿದು ಬಂದದ್ದನ್ನು ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ತಿರುಗಿ ನನ್ನನ್ನೇ ಕೇಳಿದಳು.

"ಅದು ಹೂಂ ಅಂದಿದ್ದು ಅಂತ ನಿಂಗ್ಯಾರು ಹೇಳಿದ್ರಪ್ಪ?"

ಹಲಗೆ ಯಾಕೆ ಇಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದನ್ನಾದರೂ ಮರೆತುಬಿಡಬಹುದು, ಅವಳ ಪ್ರಶ್ನೆಯನ್ನು ಮರೆಯಲಾಗುತ್ತಿಲ್ಲ. ಅವಳು ಬದುಕಲಿ ಎಂಬ ಆಸೆ ನನ್ನದಾಗಿತ್ತು, ಹೂಂ ಎಂದದ್ದೂ ನಾನೇ ಇರಬಹುದು.